ಬೇಡವಂತೆ

ಸೋಮವಾರ, ಸಂಜೆ

ಪಾಲಿಶ್ ಮಹಾಶಯನಿಗೆ,

ಮೇಲೆ 'ಪ್ರೀತಿಯ' ಅಂತ ಬರೆಯೋಣ ಎಂದು ಪೆನ್ನು ಇಟ್ಟೆ, ಕೈ ಮುಂದೆ ಹೋಗಲಿಲ್ಲ. ಸದ್ಯಕ್ಕೆ ಮಹಾಶಯ ಅಂತಲೇ ಇರಲಿ. ಫೋನು ಎತ್ತುತ್ತಿಲ್ಲ ಅಂತ ನಿನಗೆ ಸಿಟ್ಟು ಬಂದಿರಬಹುದು. ಬರಲಿ. ಫೋನಿನಲ್ಲಾದರೆ ಮೊದಲ ಮಾತಿಗೇ ನೀನು ಒಂದು ತಮಾಷೆ ಮಾಡುತ್ತೀಯ, ನಾನು ನಗುತ್ತೇನೆ, ಅಲ್ಲಿಗೆ ನನ್ನ ಸಿಟ್ಟಿನ ಕಥೆ ಮುಗಿಯುತ್ತದೆ. ಮದುವೆಯಾದಾಗಿನಿಂದ ನನ್ನ ಎಲ್ಲ ಸಿಟ್ಟೂ ಹೀಗೇ ಅರ್ಧಕ್ಕೆ ಸತ್ತಿದೆ. ಇದೊಂದಾದರೂ ಪೂರ್ತಿ ಬದುಕಲಿ ಅಂತ ಕಾಗದ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ, ಮೊದಲ ಮಹಡಿಯಲ್ಲಿದ್ದೇನೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಡುವಾಗ ಇನ್ನೊಬ್ಬರು ಎಳೆದುಕೊಳ್ಳಬೇಕು, ಅಷ್ಟು ಇಕ್ಕಟ್ಟು. ಕಿಟಕಿ ತೆಗೆದರೆ ಆಸ್ಪತ್ರೆಯ ಬಟ್ಟೆ ಒಗೆಯುವ ಜಾಗ, ಸಾಲು ಸಾಲು ಬಿಳಿ ಚಾದರ. ಆಂಬುಲೆನ್ಸು ಬಂದಾಗೆಲ್ಲ ಗಾಜು ಗಡಗಡ ಅನ್ನುತ್ತದೆ. ಮರ ಇಲ್ಲ, ಅಂಗಳ ಇಲ್ಲ, ಬಚ್ಚಲಿಗೆ ಬಿಸಿಲು ತರುವ ನಿನ್ನ ಮುದ್ದಿನ ಕಿಟಕಿ ಇಲ್ಲ. ಆದರೆ ಬೆಳಿಗ್ಗೆ ಕುಡಿದ ಕಾಫಿ ಹೊಟ್ಟೆಯಲ್ಲಿ ಇನ್ನೂ ಬೆಚ್ಚಗಿರುವಾಗಲೇ ನನ್ನ ಕೋಣೆಯ ಬಾಗಿಲು ತೆಗೆದಿರುತ್ತೇನೆ. ಇವತ್ತು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಕಾಲು ಚಾಚಿ ಕೂತವಳು ಸುಮ್ಮನೆ ಅತ್ತುಬಿಟ್ಟೆ.

ನಿನ್ನೆ ಚೀಲ ಹಿಡಿದು ಹೊರಟಾಗ, ಆಸ್ಪತ್ರೆ ಹತ್ತಿರ ಒಂದು ಜಾಗ ಸಿಕ್ಕಿದೆ, ಸ್ವಲ್ಪ ದಿನ ಅಲ್ಲಿರುತ್ತೇನೆ ಅಂತಷ್ಟೇ ಹೇಳಿದೆ. ಸೊಪ್ಪು ತಂದರೂ ಎಲ್ಲಿಂದ ತಂದೆ, ಯಾಕೆ ತಂದೆ ಅಂತ ಹತ್ತು ಪ್ರಶ್ನೆ ಕೇಳುವ ಮನುಷ್ಯ ನೀನು. ನಿನ್ನೆ ಯಾವ ಜಾಗ, ಯಾರು ಕೊಟ್ಟರು ಅಂತ ಒಂದೂ ಕೇಳಲಿಲ್ಲ. ಬಸ್‌ಸ್ಟಾಪಿನವರೆಗೆ ಚೀಲ ಹೊತ್ತು ತಂದೆ, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟೆ, ಕೈ ಬೀಸಿದೆ. ಅಲ್ಲಿಯವರೆಗೂ ನನ್ನೊಳಗೆ ಒಂದು ಮೂಲೆಯಲ್ಲಿ, ಛೇ, ಏನೋ ತಪ್ಪು ತಿಳಿದಿರಬೇಕು ಅನ್ನುವ ಆಸೆ ಇತ್ತು. ನೀನು ಕೈ ಬೀಸಿದಾಗ ಅದೂ ಹೋಯಿತು.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೇ ಆದರೂ ಒಂದು ಸಲ ನನ್ನ ಬಾಯಿಂದ ಕೇಳು.

ಈ ಕೆಲಸ ನನಗೆ ಸಿಕ್ಕಾಗ ನೀನು ಹಳೆಯ ಊರಿನ ಅಂಗಡಿ ಮುಚ್ಚಿದೆ. ಮುರಿದ ಕುರ್ಚಿ ಮೇಜುಗಳನ್ನು ರಿಪೇರಿ ಮಾಡಿ ಪಾಲಿಶ್ ಹೊಡೆಯುವ ನಿನ್ನ ಕೈಗೆ ಅಲ್ಲಿ ಎಂಥ ಮರ್ಯಾದೆ ಇತ್ತು ಅಂತ ನನಗೆ ಗೊತ್ತು. ಅದನ್ನೆಲ್ಲ ನನಗಾಗಿ ಬಿಟ್ಟು ಬಂದೆ. ನಾನು ಅದನ್ನು ಮರೆತಿಲ್ಲ, ನೀನು ಮರೆಯುವುದಕ್ಕೆ ಬಿಟ್ಟೂ ಇಲ್ಲ. ಕೆಲಸ ನಿನ್ನದಾಯಿತು, ಮನೆ ನನ್ನ ಇಷ್ಟದ್ದಾಗಲಿ ಅಂತ ನೀನು ಹೇಳಿದಾಗ ನ್ಯಾಯವೇ ಅಂದುಕೊಂಡೆ.

ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಆಸ್ಪತ್ರೆಯಾಯಿತು, ಸಕ್ಕರೆ ಡಬ್ಬಿ ಮನೆಯಾಯಿತು, ನಡುವೆ ಸಾಲಾಗಿಟ್ಟ ಚಮಚಗಳು ಬಸ್ಸು. ನೀನು ಮಾತಾಡುತ್ತಾ ಮಾತಾಡುತ್ತಾ ಸಕ್ಕರೆ ಡಬ್ಬಿಯನ್ನು ಆಚೆ ಆಚೆ ತಳ್ಳುತ್ತಿದ್ದೆ. ನಿನ್ನ ಮುದ್ದಿನ ಮಗಳು ಪಿಟೀಲು ಅದರಲ್ಲಿ ಬೆರಳದ್ದಿ ನೆಕ್ಕುತ್ತಿದ್ದಳು. ಹತ್ತಿರ ಇದ್ದರೆ ಆಸ್ಪತ್ರೆಯೇ ಮನೆಯೊಳಗೆ ಬಂದು ಕೂರುತ್ತದೆ, ದೂರ ಇದ್ದರೆ ಅದನ್ನು ಬಸ್ಸಿನಲ್ಲೇ ಇಳಿಸಿ ಬರಬಹುದು ಅಂದೆ ನೀನು. ಬಸ್ಸಿನಲ್ಲಿ ಕೂತು ನಿದ್ದೆ ಮಾಡು, ಪುಸ್ತಕ ಓದು, ಅದೂ ನಿನ್ನದೇ ಹೊತ್ತು ತಾನೇ ಅಂದೆ. ಎಷ್ಟು ಚೆನ್ನಾಗಿ ಮಾತಾಡುತ್ತೀಯ ಮಾರಾಯ! ನಾನೂ ತಲೆಯಾಡಿಸಿದೆ. ಸುಳ್ಳು ಯಾಕೆ ಹೇಳಲಿ, ಬಸ್ಸಿನ ಕೊನೆಯ ಸ್ಟಾಪಿನ ಆ ಮನೆಯ ಅಂಗಳ, ಎರಡು ಮರ, ಅದರ ಕೆಳಗೆ ಪಿಟೀಲು ಕುಣಿದದ್ದು ನೋಡಿ ನನಗೂ ಜೀವ ತಂಪಾಗಿತ್ತು. ಒಂದೇ ಒಂದು ಮಾತು ಕೇಳಿಕೊಂಡೆ. ಕ್ವಾರ್ಟರ್ಸಿಗೆ ಹೆಸರು ಕೊಟ್ಟಿರುತ್ತೇನೆ, ಅದು ಸಿಕ್ಕಿದರೆ ಪಿಟೀಲು ಸ್ವಲ್ಪ ದೊಡ್ಡವಳಾಗುವವರೆಗೆ ಅಲ್ಲಿರೋಣ ಅಂತ. ಆಗಲಿ ಅಂದೆ ನೀನು. ನನ್ನ ಕಿವಿ ಪರೀಕ್ಷೆಯ ಕೋಣೆಯೊಳಗೆ ಫೋನು ಒಯ್ಯುವ ಹಾಗಿಲ್ಲ, ಅದಕ್ಕೇ ಕ್ವಾರ್ಟರ್ಸ್ ಆಫೀಸಿಗೆ ನಿನ್ನ ನಂಬರು ಕೊಟ್ಟೆ.

ಬಸ್ಸಿನಲ್ಲಿ ಪುಸ್ತಕ ಓದು ಅಂದೆಯಲ್ಲ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಊಟದ ಡಬ್ಬಿ, ಪುಸ್ತಕ ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕಿತ್ತು. ಡಿಪೋದಲ್ಲಿ ಇಳಿದು ಎರಡನೇ ಬಸ್ಸಿಗೆ ಓಡುವುದು, ಸೇತುವೆ ಮೇಲೆ ಬಸ್ಸು ಅಲ್ಲಾಡದೆ ನಿಲ್ಲುವುದು, ಪಕ್ಕದವರು ನನ್ನ ಭುಜವನ್ನೇ ದಿಂಬು ಮಾಡಿಕೊಳ್ಳುವುದು. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುತ್ತಿದ್ದೆ. ಕೆಲಸದಲ್ಲಿ ಯಾರೋ ನಿಮ್ಮ ಮನೆಗೆ ಯಾವ ಬಣ್ಣ ಹೊಡೆಸಿದ್ದೀರಿ ಅಂತ ಕೇಳಿದರೆ ತಕ್ಷಣ ಹೊಳೆಯಲಿಲ್ಲ. ನಾನು ಕಂಡದ್ದೆಲ್ಲ ಟ್ಯೂಬ್‌ಲೈಟಿನ ಬಣ್ಣ. ಅಂಗಳ ನಿನಗೆ, ಬಿಸಿಲು ನಿನಗೆ, ಮರ ನಿನಗೆ. ನನಗೆ ಬಂದದ್ದು ಸುದ್ದಿ. ಪಿಟೀಲಿನ ಹಲ್ಲು ಬಿತ್ತಂತೆ. ಪಿಟೀಲು ಶಾಲೆಯಲ್ಲಿ ಹಾಡಿದಳಂತೆ. ಪಕ್ಕದ ಮನೆಯ ಹುಡುಗಿಯ ಜೊತೆ ಟೂ ಬಿಟ್ಟಳಂತೆ, ಮತ್ತೆ ರಾಜಿಯಾದಳಂತೆ. ಹೆತ್ತ ಮಗಳ ಬಾಲ್ಯ ನನಗೆ ಸಿಕ್ಕಿದ್ದು ಬರೀ 'ಅಂತೆ'ಯಲ್ಲಿ.

ಹೋಗಲಿ, ಅದನ್ನೂ ನುಂಗಿಕೊಂಡೆ. ಕ್ವಾರ್ಟರ್ಸು ಬರುತ್ತದಲ್ಲ ಅಂತ. ಒಂದು ದಿನ ನಾನು ಬಂದು ಚಪ್ಪಲಿ ಬಿಡುವಾಗ, ನನ್ನ ಕಡೆ ನೋಡದೆಯೇ ನೀನು ಹೇಳಿದೆ. ಆ ಕ್ವಾರ್ಟರ್ಸು ಯಾರಿಗೋ ಕೊಟ್ಟುಬಿಟ್ಟರಂತೆ, ನಿಮ್ಮ ವಿಭಾಗದ ಡಾಕ್ಟರಮ್ಮ ಅವರ ಕಡೆಯವರಿಗೇ ಕೊಡಿಸಿದರಂತೆ. ನಾನು ನಂಬಿದೆ. ನಂಬಿ ಎರಡು ವರ್ಷ ಆ ಡಾಕ್ಟರಮ್ಮನಿಗೆ ಹಿಡಿಶಾಪ ಹಾಕಿದೆ. ಅವರು ಎದುರು ಬಂದರೆ ಮುಖ ತಿರುಗಿಸಿದೆ. ಹುಟ್ಟುಹಬ್ಬದ ಕೇಕು ಕೈಯಾರೆ ತಂದುಕೊಟ್ಟರೆ, ಹಲ್ಲು ನೋವು ಅಂತ ಹೇಳಿ ತಟ್ಟೆ ಪಕ್ಕಕ್ಕಿಟ್ಟೆ.

ಹೋದ ವಾರ ಕ್ವಾರ್ಟರ್ಸ್ ಆಫೀಸಿನ ಗುಮಾಸ್ತರು ಬಂದಿದ್ದರು. ನಾವೆಲ್ಲ ಬೀಗದ ಕೈ ಮಾಮ ಅಂತ ಕರೆಯುತ್ತೇವಲ್ಲ, ಅವರೇ. ಕಿವಿ ಮಂದವಾಗುತ್ತಿದೆ ಅಂತ ಪರೀಕ್ಷೆಗೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದೆ. ಪರೀಕ್ಷೆ ಮುಗಿಸಿ ಹೊರಗೆ ಬಂದವರು, ಕಿವಿ ಮಂದ ಇರುವವರ ಹಾಗೆ ಇಡೀ ವಾರ್ಡಿಗೆ ಕೇಳುವಂತೆ ಹೇಳಿದರು. ಮೊದಲ ಮಹಡಿಯದು ಮತ್ತೆ ಖಾಲಿಯಾಗಿದೆಯಮ್ಮ, ಹೋದ ಸಲ ನಿಮಗೆ ಬೇಡವಂತೆ, ಈ ಸಲವಾದರೂ ಬೇಕೋ ಅಂತ. ನೀವು ಬೇರೆ ಯಾರನ್ನೋ ಹೇಳುತ್ತಿದ್ದೀರಿ ಮಾಮ ಅಂದೆ. ಇಲ್ಲವಂತೆ. ಡಾಕ್ಟರಮ್ಮನೇ ಖುದ್ದು ಬಂದು, ಅವಳದು ಸಣ್ಣ ಮಗು, ದೂರದಿಂದ ಓಡಾಡುತ್ತಾಳೆ, ಅವಳಿಗೆ ಮೊದಲು ಕೊಡಿ ಅಂತ ನನ್ನ ಹೆಸರು ಹೇಳಿದ್ದರಂತೆ. ಇವರು ಫೋನು ಮಾಡಿದಾಗ ನೀನು ಎತ್ತಿ, ನಮ್ಮ ಮನೆಯವರಿಗೆ ಬೇಡವಂತೆ ಅಂದೆಯಂತೆ. ಇನ್ನೊಂದು ಸಲ ಕೇಳಿ ನೋಡಿ ಅಂದರೂ, ಕೇಳಿಯಾಯಿತು, ಬೇಡವಂತೆ ಅಂದೆಯಂತೆ.

ಯಾವಾಗ ಕೇಳಿದೆಯಪ್ಪಾ ನನ್ನನ್ನು? ಯಾವ ಕೋಣೆಯಲ್ಲಿ? ಕನಸಿನಲ್ಲಿ ಏನಾದರೂ ಬಡಬಡಿಸಿದೆನೇ?

ಊರಿನವರ ಕಿವಿ ಪರೀಕ್ಷೆ ಮಾಡುವವಳ ಕಿವಿಗೇ ಹೂವಿಟ್ಟೆಯಲ್ಲ, ಶಹಬ್ಬಾಸ್. ನೀನು ಬೇಡ ಅಂದದ್ದಕ್ಕಲ್ಲ ನನಗೆ ಉರಿಯುತ್ತಿರುವುದು. ನಾನು ಬೇಡ ಅಂದೆ ಅಂತ ನೀನು ಹೇಳಿದ್ದಕ್ಕೆ. ನಿನ್ನ ಉತ್ತರ ಬರಲಿ. ಆಮೇಲೆ ನೋಡೋಣ ನಾನು ಅಲ್ಲಿಗೆ ಬರುತ್ತೇನೋ ಇಲ್ಲವೋ ಅಂತ.

ಈ ಕಾಗದ ಬರೆಯುವವರೆಗೂ ನಿನ್ನ ಹೆಂಡತಿಯೇ ಆಗಿರುವ,
ಕಿವಿಯಮ್ಮ

ತಾ.ಕ.: ಪಿಟೀಲನ್ನು ಜೊತೆಗೆ ಕರೆದೆ, ಬರಲಿಲ್ಲ. ಶಾಲೆ ಅಲ್ಲೇ ಇದೆ, ಇರಲಿ. ದಿನಾ ಪಕ್ಕದ ಮನೆ ಅಜ್ಜಿಯ ಫೋನಿನಲ್ಲಿ ಅವಳ ಜೊತೆ ಮಾತಾಡುತ್ತೇನೆ. ದೊಡ್ಡ ಹಲ್ಲಿನ ಬಾಚಣಿಗೆ ಬಚ್ಚಲ ಕಿಟಕಿಯಲ್ಲಿದೆ. ಕೂದಲನ್ನು ತುದಿಯಿಂದ ಬಿಡಿಸುತ್ತಾ ಮೇಲೆ ಹೋಗು, ನೆತ್ತಿಯಿಂದ ಎಳೆಯಬೇಡ. ನೋವಾದರೂ ಬಾಯಿ ಬಿಡುವವಳಲ್ಲ ಅವಳು.


ಬುಧವಾರ ರಾತ್ರಿ, ಗುರುವಾರ ಬೆಳಿಗ್ಗೆ

ಪ್ರೀತಿಯ ಕಿವಿಯಮ್ಮನಿಗೆ,

ನನ್ನ ಕೈ ಮುಂದೆ ಹೋಗುತ್ತದೆ ನೋಡು, 'ಪ್ರೀತಿಯ' ಅಂತಲೇ ಬರೆದಿದ್ದೇನೆ.

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಭಯವಾಯಿತು. ಯಾರ ಮಾತು ಕಟ್ಟಿಕೊಂಡು ಮನೆ ಬಿಟ್ಟು ಹೋದೆ ಮಾರಾಯ್ತಿ? ಕಿವಿ ಕೇಳಿಸುವುದಿಲ್ಲ ಅಂತ ನಿನ್ನ ಹತ್ತಿರವೇ ಪರೀಕ್ಷೆಗೆ ಬಂದ ಮನುಷ್ಯನ ಮಾತು! ನಾನು ಬೇಕಂತೆ ಅಂದದ್ದು ಅವರಿಗೆ ಬೇಡವಂತೆ ಅಂತ ಕೇಳಿರಬಾರದೇಕೆ?

ಮೇಲಿನ ಸಾಲುಗಳನ್ನು ನಿನ್ನೆ ಬರೆದೆ. ಬೆಳಿಗ್ಗೆ ಓದಿದರೆ ನನಗೇ ನಾಚಿಕೆಯಾಯಿತು. ಹರಿದು ಹಾಕಬಹುದಿತ್ತು. ಹರಿಯದೆ ಹಾಗೇ ಕಳಿಸುತ್ತಿದ್ದೇನೆ, ನನ್ನ ಬುದ್ಧಿ ಮೊದಲು ಯಾವ ಕಡೆ ಓಡುತ್ತದೆ ಅಂತ ನಿನಗೂ ಗೊತ್ತಿರಲಿ.

ಹೌದು. ಹಾಗೆ ಅಂದೆ.

ಆ ದಿನ ಅಂಗಳದಲ್ಲಿ ದೊಡ್ಡ ಊಟದ ಮೇಜಿಗೆ ಮೊದಲ ಕೋಟು ಹೊಡೆಯುತ್ತಿದ್ದೆ. ಈ ಊರಿಗೆ ಬಂದ ಮೇಲೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು. ಬಿಸಿಲು ಬೇಕಾದಷ್ಟೇ ಇತ್ತು, ಮರದ ಒಳಗಿನ ಗೆರೆಗಳು ಒಂದೊಂದೇ ಎದ್ದು ಬರುತ್ತಿದ್ದವು. ಆಗ ಫೋನು ಬಂತು. ಕ್ವಾರ್ಟರ್ಸು ಸಿದ್ಧವಾಗಿದೆ, ಅಲ್ಲಿ ಪಾಲಿಶ್ ವಾಸನೆ, ಸುತ್ತಿಗೆ ಸದ್ದು ನಡೆಯುವುದಿಲ್ಲ ಅಂತಲೂ ಅವರೇ ಹೇಳಿದರು. ನನ್ನ ಕೈಯೆಲ್ಲ ಅಂಟು. ಮತ್ತೆ ಎಲ್ಲ ಮುಚ್ಚಿ ಹೊರಡಬೇಕು, ಮತ್ತೆ ಯಾರಿಗೂ ಬೇಡದವನಾಗಿ ಒಂದು ಇಕ್ಕಟ್ಟು ಕೋಣೆಯಲ್ಲಿ ಕೂರಬೇಕು, ಆಸ್ಪತ್ರೆಯ ಅಮ್ಮನ ಗಂಡ ಅನ್ನಿಸಿಕೊಳ್ಳಬೇಕು ಅಂತ ಕಣ್ಣಿಗೆ ಕಟ್ಟಿತು. ಬಾಯಿ ತಾನಾಗಿ ಹೇಳಿಬಿಟ್ಟಿತು. ನನಗೆ ಬೇಡ ಅನ್ನುವುದಕ್ಕೆ ನಾಲಿಗೆ ಬರಲಿಲ್ಲ. ಹೆಂಡತಿಗೆ ಸಿಕ್ಕ ಮನೆಯನ್ನು ಗಂಡ ಬೇಡ ಅಂದ ಅಂತ ಅವರು ಏನಂದುಕೊಂಡಾರು ಅನ್ನಿಸಿತು. ನಿನಗೆ ಬೇಡವಂತೆ ಅಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ನೀನು ಬಂದ ತಕ್ಷಣ ನಿಜ ಹೇಳಬೇಕು ಅಂತಲೇ ಇದ್ದೆ. ಬಂದೆ, ಚಪ್ಪಲಿ ಬಿಟ್ಟು ಗೋಡೆ ಹಿಡಿದುಕೊಂಡೆ. ಅಷ್ಟು ಸುಸ್ತಾದ ನಿನ್ನ ಮುಖ ನೋಡಿದರೆ, ಹೇಳಿದ ಮರುಕ್ಷಣವೇ ಗಂಟುಮೂಟೆ ಕಟ್ಟು ಅನ್ನುತ್ತೀಯ ಅಂತ ಗೊತ್ತಾಯಿತು. ಇನ್ನೊಂದು 'ಅಂತೆ' ಸೇರಿಸಿದೆ. ಡಾಕ್ಟರಮ್ಮನ ಹೆಸರು ಯಾಕೆ ಎಳೆದೆ ಅಂತ ನನಗೂ ಗೊತ್ತಿಲ್ಲ. ನಂಬುವ ಹಾಗಿರಲಿ ಅಂತ ಇರಬೇಕು.

ಆದರೆ ನೀನೂ ಸ್ವಲ್ಪ ಯೋಚಿಸು. ಈ ಮನೆ ನಿನಗೂ ಇಷ್ಟವಿತ್ತು. ಎರಡು ವರ್ಷದಲ್ಲಿ ಒಂದು ಸಲವಾದರೂ ನೀನೇ ಆಫೀಸಿಗೆ ಹೋಗಿ ಕೇಳಬಹುದಿತ್ತು, ನಿನ್ನ ಕೋಣೆಯಿಂದ ಎರಡು ಕಟ್ಟಡ ಆಚೆ. ಹೋಗಲಿಲ್ಲ. ಒಳಗೊಳಗೆ ನಿನಗೂ ಇಲ್ಲೇ ಇರುವ ಮನಸ್ಸಿತ್ತೇನೋ ಅಂತ ನಾನು ಸಮಾಧಾನ ಮಾಡಿಕೊಂಡೆ. ಮತ್ತೆ ಪಿಟೀಲನ್ನು ನೋಡು. ಮರ ಹತ್ತುತ್ತಾಳೆ, ಮಣ್ಣಲ್ಲಿ ಹೊರಳುತ್ತಾಳೆ, ಕೆನ್ನೆ ತುಂಬಿಕೊಂಡಿದೆ. ಆ ಬೆಂಕಿಪೊಟ್ಟಣದಲ್ಲಿ ಹೀಗೆ ಬೆಳೆಯುತ್ತಿದ್ದಳೇ? ನನ್ನಿಂದ ನಿನಗೆ ನೋವಾಗಿದೆ, ಒಪ್ಪಿಕೊಳ್ಳುತ್ತೇನೆ. ಅವಳಿಗಂತೂ ಏನೂ ಆಗಿಲ್ಲ. ಫೋನು ಬಂದಾಗ ಅಂಗಳದಲ್ಲಿ ನಾನೊಬ್ಬನೇ ಇದ್ದೆ. ಈ ರಾದ್ಧಾಂತವೆಲ್ಲ ನಮ್ಮಿಬ್ಬರ ನಡುವೆಯೇ ಇರಲಿ, ಮಗುವಿನ ಕಿವಿಗೆ ಬೀಳುವುದು ಬೇಡ.

ಬಾ. ದಿನಾ ಬೆಳಿಗ್ಗೆ ನಾನೇ ಡಿಪೋದವರೆಗೆ ಬಿಡುತ್ತೇನೆ, ಸಂಜೆ ಕಾಯುತ್ತೇನೆ. ಸ್ಕೂಟರು ಒಂದು ನೋಡಿಟ್ಟಿದ್ದೇನೆ. ಕಾಲು ಹಿಡಿ ಅಂದರೆ ಹಿಡಿಯುತ್ತೇನೆ, ಬೇಕಾದರೆ ಪಾಲಿಶ್ ಹೊಡೆದು ಹೊಳೆಸಿಯೂ ಕೊಡುತ್ತೇನೆ. ನಕ್ಕೆಯಾ? ನಗಬೇಡ ಬಿಡು. ಬಾ ಅಷ್ಟೇ.

ಅಂಟು ಕೈಯ, ನಿನ್ನವನೇ ಆದ
ಪಾಲಿಶ್

ತಾ.ಕ.: ತುದಿಯಿಂದಲೇ ಬಾಚುತ್ತಿದ್ದೇನೆ. ಅಮ್ಮ ಯಾಕೆ ಅಲ್ಲಿದ್ದಾಳೆ ಅಂತ ಕೇಳಿದಳು. ಅಮ್ಮನಿಗೆ ತುಂಬಾ ಕೆಲಸವಂತೆ, ಅದಕ್ಕೇ ಅಲ್ಲಿರುತ್ತಾಳಂತೆ ಅಂದಿದ್ದೇನೆ. ನೀನೂ ಹಾಗೇ ಹೇಳು.


ಶನಿವಾರ, ಮಧ್ಯಾಹ್ನ

ಪಾಲಿಶ್‌ಗೆ,

ನಕ್ಕೆ. ಕಾಲಿಗೆ ಪಾಲಿಶ್ ಹೊಡೆಯುತ್ತೇನೆ ಅಂದದ್ದಕ್ಕೆ ನಕ್ಕುಬಿಟ್ಟೆ. ಕಾಗದದಲ್ಲೂ ಬಿಡುವುದಿಲ್ಲವಲ್ಲ ನೀನು. ಆಮೇಲೆ ಕೊನೆಯ ಸಾಲು ಓದಿದೆ. ನಗು ಹೋದ ದಾರಿ ಗೊತ್ತಾಗಲಿಲ್ಲ.

ಬೀಗದ ಕೈ ಮಾಮನ ಕಿವಿಯ ವಿಷಯಕ್ಕೆ ಮೊದಲು ಉತ್ತರ ಕೊಡುತ್ತೇನೆ, ಅದು ನನ್ನ ಕಸುಬು. ಅವರಿಗೆ ಕೇಳಿಸದೇ ಇರುವುದು ಸಣ್ಣ, ಚೂಪು ಸದ್ದುಗಳು. ಹಕ್ಕಿಯ ಚಿಲಿಪಿಲಿ, 'ಸ' ಮತ್ತು 'ಶ', ಮೊಮ್ಮಗುವಿನ ಪಿಸುಮಾತು. 'ಬೇಡ' ಅನ್ನುವುದು ದಪ್ಪ ಮಾತು. ಅದು ಎಂಥ ಕಿವಿಗೂ ಬೀಳುತ್ತದೆ. ನೀನು ನಿನ್ನ ಕಾಗದದಲ್ಲಿ ಆ ಸಾಲನ್ನು ಹರಿಯದೆ ಕಳಿಸಿದ್ದಕ್ಕೆ ಒಂದು ಮೆಚ್ಚುಗೆ ಇದೆ, ಇಟ್ಟುಕೋ.

ನೀನೇ ಯಾಕೆ ಹೋಗಿ ಕೇಳಲಿಲ್ಲ ಅಂದೆ. ಹೌದು, ಎರಡು ಕಟ್ಟಡ ಆಚೆ ಇತ್ತು. ಗಂಡ ಮನೆಯಲ್ಲಿ ಹೇಳಿದ ಮಾತನ್ನು ಆಫೀಸಿಗೆ ಹೋಗಿ ಸರಿ ಇದೆಯೇ ಅಂತ ವಿಚಾರಿಸಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅದನ್ನು ನೀನು ನನ್ನ ಒಳಮನಸ್ಸಿನ ಇಷ್ಟ ಅಂದುಕೊಂಡೆಯಾ? ಅದು ನಂಬಿಕೆ ಕಣೋ. ಅದರ ಮೇಲೇ ಕಾಲಿಟ್ಟು ನಿಂತುಕೊಂಡು, ನೀನು ಯಾಕೆ ನಂಬಿದೆ ಅಂತ ನನ್ನನ್ನೇ ಕೇಳುತ್ತಿದ್ದೀಯ.

ನನಗೆ ಬೇಡ ಅನ್ನುವುದಕ್ಕೆ ನಾಲಿಗೆ ಬರಲಿಲ್ಲ ಅಂತ ಬರೆದಿದ್ದೀಯ. ಆ ಸಂಜೆ ನನ್ನ ಮುಂದೆ ಹಾಗಂದಿದ್ದರೆ ಏನಾಗುತ್ತಿತ್ತು? ಜಗಳವಾಗುತ್ತಿತ್ತು. ಪಾತ್ರೆ ಸದ್ದು ಮಾಡುತ್ತಿದ್ದವು. ನಿನ್ನ ಬಿಸಿಲು, ನಿನ್ನ ಮೇಜು, ನಿನ್ನ ಭಯ ಎಲ್ಲ ಒಟ್ಟಿಗೆ ಕೇಳಿದ ಮೇಲೆ, ನನ್ನ ಸ್ವಭಾವ ನನಗೆ ಗೊತ್ತು, ಹಾಳಾಗಲಿ ಇನ್ನೊಂದು ವರ್ಷ ಓಡಾಡುತ್ತೇನೆ ಅಂತ ನಾನೇ ಅನ್ನುತ್ತಿದ್ದೆನೇನೋ. ಅದೇ ಬಸ್ಸು, ಅದೇ ಕಂಬಿ, ಅದೇ ಸೇತುವೆ. ಆದರೆ ಗೊತ್ತಿದ್ದು ಹತ್ತಿದ ಬಸ್ಸು ಅದಾಗಿರುತ್ತಿತ್ತು. ನೀನು ನನ್ನನ್ನು ಕೇಳಲೇ ಇಲ್ಲ. ದೂರ ಹತ್ತಿರದ ಲೆಕ್ಕ ಇಬ್ಬರೂ ಕೂತು ಹಾಕಿದೆವು ಅಂದುಕೊಂಡಿದ್ದೆ, ಕೊನೆಗೆ ನೋಡಿದರೆ ಸಕ್ಕರೆ ಡಬ್ಬಿಯ ಮೇಲೆ ನಿನ್ನ ಕೈ ಮಾತ್ರ ಇತ್ತು.

ನಿನ್ನೆ ಡಾಕ್ಟರಮ್ಮನ ಕೋಣೆಗೆ ಹೋಗಿದ್ದೆ. ಸುಮ್ಮನೆ ಬಾಗಿಲಲ್ಲಿ ನಿಂತೆ. ಹಲ್ಲು ನೋವು ಹೇಗಿದೆ ಈಗ ಅಂತ ಕೇಳಿದರು. ಆ ಕೇಕಿನ ದಿನದ್ದು ಅವರಿಗೆ ಇನ್ನೂ ನೆನಪಿತ್ತು, ನಿಜವಾಗಿಯೂ ನೋವು ಅಂತಲೇ ನಂಬಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸ್ಕೂಟರು ಬೇಡ. ಆ ಮನೆಗೆ ನಾನು ಸದ್ಯಕ್ಕೆ ಬರುವುದಿಲ್ಲ. ಈ ಬೇಡ ನನ್ನದೇ, ನನ್ನ ಬಾಯಿಂದ ಬಂದದ್ದು, ಯಾರಿಗೆ ಬೇಕಾದರೂ ಹೇಳಿಕೋ. ಮುಂದೆ ಏನು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ನಿನ್ನ ಮೇಲೆ ಪ್ರೀತಿ ಹೋಗಿದೆಯೇ ಅಂತ ಕೇಳಿದರೆ, ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಪಿಟೀಲಿನ ಅಮ್ಮ

ತಾ.ಕ.: ವಿಷಯ ಬೀಗದ ಕೈ ಮಾಮನಿಂದ ಗೊತ್ತಾಯಿತು ಅಂತ ಬರೆದಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನೀನಾಗಿ ಎಷ್ಟು ಹೇಳುತ್ತೀಯ ನೋಡೋಣ ಅಂತ ಒಂದು ಮಾತು ಬಚ್ಚಿಟ್ಟಿದ್ದೆ. ಅವರು ನನ್ನ ಕೋಣೆಗೆ ಬರುವ ಹಿಂದಿನ ಭಾನುವಾರ, ಅಂಗಳದಲ್ಲಿ ಪಿಟೀಲಿಗೆ ತಲೆ ಬಾಚುತ್ತಿದ್ದೆ. ವಾರದ ಸಿಕ್ಕೆಲ್ಲ ಒಟ್ಟಿಗೆ ಕೂತಿತ್ತು. ನಾವು ಆಸ್ಪತ್ರೆ ಹತ್ತಿರ ಇದ್ದಿದ್ದರೆ ದಿನಾ ನಾನೇ ಜಡೆ ಹಾಕುತ್ತಿದ್ದೆ ಕಣೇ ಅಂದೆ. ಅವಳು ತಿರುಗಿಯೂ ನೋಡಲಿಲ್ಲ. ನಿನಗೆ ಹತ್ತಿರದ ಮನೆ ಬೇಡವಂತೆ ಅಲ್ವಾ ಅಮ್ಮ ಅಂದಳು. ಸಿಟ್ಟಿಲ್ಲ, ಅಳುವಿಲ್ಲ, ನಾಳೆ ಶಾಲೆ ಇದೆ ಅನ್ನುವಷ್ಟು ಸಲೀಸಾಗಿ. ಯಾರು ಹೇಳಿದರು ಅಂತ ಕೇಳಿದೆ. ಅಪ್ಪ ಫೋನಿನಲ್ಲಿ ಹೇಳುತ್ತಿದ್ದರು, ನಾನು ದೊಡ್ಡ ಮೇಜಿನ ಕೆಳಗೆ ಗೊಂಬೆ ಮಲಗಿಸುತ್ತಿದ್ದೆ ಅಂದಳು.

ನೀನು ಒಬ್ಬನೇ ಇರಲಿಲ್ಲ ಪಾಲಿಶ್. ನೀನು ಬಿಸಿಲಲ್ಲಿ ಮರದ ಗೆರೆ ನೋಡುತ್ತಿದ್ದಾಗ ಅವಳು ಅದರ ಕೆಳಗೇ ಇದ್ದಳು. ಅಮ್ಮನಿಗೆ ತನ್ನ ಹತ್ತಿರ ಇರುವುದು ಬೇಡವಂತೆ ಅಂತ ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಮರ ಹತ್ತಿದ್ದಾಳೆ. 'ಅವಳಿಗಂತೂ ಏನೂ ಆಗಿಲ್ಲ' ಅಂತ ಬರೆದೆಯಲ್ಲ. ನಾನು ಜೊತೆಗೆ ಕರೆದಾಗ ಯಾಕೆ ಬರಲಿಲ್ಲ ಅಂದುಕೊಂಡೆ, ಶಾಲೆಗಾಗಿಯೇ? ನೀನು ಒಬ್ಬಳೇ ಇರಬೇಕು ಅಂತ ತಾನೇ ಹೋಗುತ್ತಿರುವುದು ಅಂದಳು. ಈಗ ಅದರ ಮೇಲೆ ಇನ್ನೊಂದು ಕೋಟು ಹೊಡೆದಿದ್ದೀಯ, ತುಂಬಾ ಕೆಲಸವಂತೆ ಅಂತ.

ನಾನು ಅವಳಿಗೆ ನಿಜ ಹೇಳಬಹುದಿತ್ತು. ಹೇಳಿದ್ದರೆ, ಅಪ್ಪ ಸುಳ್ಳು ಹೇಳಿದರಂತೆ ಅಂತ ಅವಳ ಪಾಲಿಗೆ ಅದೂ ಒಂದು ಅಂತೆಕಂತೆ ಆಗುತ್ತಿತ್ತು. ಅದಕ್ಕೇ ಜಡೆ ಬಿಗಿದು ಸುಮ್ಮನಾದೆ. ನೀನೇ ಹೇಳು. ಅವಳನ್ನು ಎದುರಿಗೆ ಕೂರಿಸಿಕೊಂಡು, ತಮಾಷೆ ಮಾಡದೆ, ಬೇಡ ಅಂದದ್ದು ಅಮ್ಮ ಅಲ್ಲ, ನಾನು ಅಂತ ಹೇಳು. ಅಷ್ಟು ಸಾಕು. ಇಲ್ಲಿ ನನ್ನ ಮಂಚದ ಪಕ್ಕ ಇನ್ನೊಂದು ಹಾಕಿಸಿದ್ದೇನೆ. ಬರುವುದು ಬಿಡುವುದು ಅವಳಿಷ್ಟ. ಆದರೆ ಬೇಡ ಅನ್ನುವುದಾದರೆ, ಅದನ್ನು ಅವಳ ಬಾಯಿಂದಲೇ ಕೇಳಬೇಕು ನಾನು.